ಹೆಸರು ದಾಖಲಾಗುವ ಬಗೆ: ಕರ್ನಾಟಕದ ಚಾರಿತ್ರಿಕ ಆಕರಗಳಲ್ಲಿ ಸಾಮಾನ್ಯರು ಮತ್ತು ಗಣ್ಯರು

ಕರ್ನಾಟಕದ ಚರಿತ್ರೆಯಲ್ಲಿ ಜನಸಾಮಾನ್ಯರಿಗೆ ಸ್ಥಾನವಿಲ್ಲವೆಂಬ ಮಾತು ವಿದ್ವತ್ ವಲಯದಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಚರಿತ್ರೆಯ ಗ್ರಂಥಗಳ ಮಟ್ಟಿಗೆ ಈ ಆಕ್ಷೇಪ ಬಹುಪಾಲು ನಿಜವೇ ಆಗಿದೆ. ಆದರೆ ಆ ಗ್ರಂಥಗಳಿಗೆ ಆಧಾರವಾದ ಮೂಲ ದಾಖಲೆಗಳ ಮಟ್ಟಿಗೆ ಅದು ಅರ್ಧಸತ್ಯ. ಬಿ.ಎಲ್. ರೈಸ್ ಅವರು 1886ರಿಂದ 1905ರವರೆಗೆ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳನ್ನು ತೆರೆದರೆ, ಅರಸರು, ದಂಡನಾಯಕರು, ಮಠಾಧಿಪತಿಗಳ ಜೊತೆಯಲ್ಲಿಯೇ ತುರುಗಳನ್ನು ಬಿಡಿಸಲು ಹೋಗಿ ಮಡಿದವರು, ಊರ ಗಡಿ ಕಾಯುತ್ತ ಸತ್ತವರು, ಕೆರೆ ಕಟ್ಟಿಸಿದವರು, ಗಂಡನ ಹಿಂದೆ ಬೆಂಕಿಗೆ ಬಿದ್ದವರು ಸಾಲುಸಾಲಾಗಿ ಎದುರಾಗುತ್ತಾರೆ. ಸಾಮಾನ್ಯರು ದಾಖಲೆಯಲ್ಲಿ ಇದ್ದಾರೆ. ಅವರು ಯಾವ ಗಳಿಗೆಯಲ್ಲಿ, ಯಾವ ವ್ಯವಹಾರದ ನೆಪದಲ್ಲಿ ಅದರೊಳಗೆ ಬಂದರು ಎಂಬುದೇ ವಿಚಾರಣೆಗೆ ಒಳಗಾಗಬೇಕಾದ ಪ್ರಶ್ನೆ. ಯಾರೊಬ್ಬರ ಹೆಸರೂ ಅವರು ಬಾಳಿದರೆಂಬ ಕಾರಣಕ್ಕೆ ದಾಖಲಾಗಿಲ್ಲ. ಅವರ ಬಾಳು ಅಧಿಕಾರವನ್ನು ಮುಟ್ಟಿದ ಒಂದು ಬಿಂದುವಿನಲ್ಲಿ ದಾಖಲಾಗಿದೆ. ಈ ಬಿಂದುವನ್ನು ಗುರುತಿಸದೆ ದಾಖಲೆಯಿಂದ ಜೀವನಚರಿತ್ರೆಯನ್ನು ಕಟ್ಟಹೊರಟಾಗ ಆಗುವ ತೊಡಕುಗಳನ್ನು ಕೆಲವು ನಿದರ್ಶನಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

1. ಕಲ್ಲು ಉಳಿಸಿದ ಹೆಸರುಗಳು

ವೀರಗಲ್ಲಿನ ರಚನೆಯೇ ಈ ದೃಷ್ಟಿಯಿಂದ ಗಮನಾರ್ಹವಾದುದು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವ ನೋಟ, ಮೇಲೆ ದೇವರ ಸಾನ್ನಿಧ್ಯ. ವೀರನ ಕಥೆ ಆರಂಭವಾಗುವುದೇ ಅವನು ಸಾಯುವ ಹೊತ್ತಿಗೆ. ಆತ ಯಾವ ಹೊಲ ಉತ್ತನು, ಯಾರೊಡನೆ ಉಂಡನು, ಮನೆಯಲ್ಲಿ ಯಾರನ್ನು ಬಿಟ್ಟುಹೋದನು ಎಂಬುದಕ್ಕೆ ಕಲ್ಲಿನಲ್ಲಿ ನಾಲ್ಕನೆಯ ಪಟ್ಟಿಕೆಯಿಲ್ಲ. ಬೆಂಗಳೂರೆಂಬ ಊರಿನ ಹೆಸರು ಮೊದಲಿಗೆ ಕಾಣಿಸಿಕೊಳ್ಳುವುದು ಬೇಗೂರಿನ ಸುಮಾರು 890ರ ಒಂದು ವೀರಗಲ್ಲಿನಲ್ಲಿ. ಅಲ್ಲಿಯೂ ಆ ಹೆಸರು ಬರುವುದು ನಾಗತ್ತರನ ಕಡೆಯವರು ಮಡಿದ ಕಾಳಗದ ಗುರುತಾಗಿ. ಮಹಾನಗರವೊಂದರ ಮೊದಲ ಉಲ್ಲೇಖ ಅಲ್ಲಿ ಬಾಳಿದವರದಲ್ಲ, ಅಲ್ಲಿ ಸತ್ತವರದು.

ಸತ್ತವನ ಕುಟುಂಬಕ್ಕೆ ಕೊಟ್ಟ ಭೂಮಿಯನ್ನು ಶಾಸನಗಳು ನೆತ್ತರುಕೊಡಗೆ, ಬಾಳ್ಗಳ್ಚು, ಕಲ್ನಾಡು ಮುಂತಾದ ಹೆಸರುಗಳಿಂದ ಕರೆಯುತ್ತವೆ. ಈ ಪದಗಳು ವೀರಗಲ್ಲಿನ ಇನ್ನೊಂದು ಮುಖವನ್ನು ತೋರುತ್ತವೆ. ಅದು ಸ್ಮಾರಕವಾಗಿರುವಂತೆಯೇ ಹಕ್ಕುಪತ್ರವೂ ಹೌದು. ಹೆಸರನ್ನು ಕೊರೆಯದಿದ್ದರೆ ಭೂಮಿಯ ಹಕ್ಕು ನಿಲ್ಲುವುದಿಲ್ಲ. ಆದುದರಿಂದ ಸಾಮಾನ್ಯ ಯೋಧನೊಬ್ಬನ ಹೆಸರು ಸಾವಿರ ವರ್ಷ ಉಳಿದುಬಂದುದಕ್ಕೆ ಊರಿನ ಪ್ರೀತಿಯೊಂದೇ ಕಾರಣವಲ್ಲ; ಉಂಬಳಿಯ ಲೆಕ್ಕವೂ ಕಾರಣ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಶಾಸನಗಳನ್ನು ಅರಸರ ವಂಶಾವಳಿಯ ಹಂಗಿನಿಂದ ಬಿಡಿಸಿ, ಜನಜೀವನದ ಆಕರಗಳನ್ನಾಗಿ ಓದುವ ಮಾರ್ಗವನ್ನು ತೆರೆಯಿತು. ಆ ಮಾರ್ಗದ ಮುಂದಿನ ಹೆಜ್ಜೆಯೆಂದರೆ, ಯಾವ ವ್ಯವಹಾರಕ್ಕಾಗಿ ಆ ಹೆಸರು ಬೇಕಾಯಿತೆಂದು ಕೇಳುವುದು.

ಈ ಪ್ರಶ್ನೆಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನಕ್ಕಿಂತ (ಕ್ರಿ.ಶ. 949-50) ಒಳ್ಳೆಯ ನಿದರ್ಶನ ದೊರೆಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ನಡೆದ ತಕ್ಕೋಲದ ಯುದ್ಧದ ಸಂಗತಿ ಈ ಕಲ್ಲಿನಲ್ಲಿದೆ. ಅದರೊಡನೆ ಗಂಗ ಬೂತುಗನ ಆಳಾದ ಮಣಲೇರನು ಮೆಚ್ಚುಗೆಯಾಗಿ ಕೇಳಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯೂ ಇದೆ. ಕಾಳಿಗಾಗಿ ದೇಗುಲದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಅಲ್ಲಿನ ಗೊರವನಿಗೆ ಕಟ್ಟುಪಾಡೂ ಆಯಿತು. ಕನ್ನಡಿಗರ ಪ್ರಾಣಿಪ್ರೀತಿಗೆ ಈ ಶಾಸನವನ್ನು ಉದಾಹರಿಸುವುದು ವಾಡಿಕೆ. ಅದು ತಪ್ಪಲ್ಲ. ಆದರೆ ನಾಯಿಗೆ ಹೆಸರಿದೆ, ದಿನವೂ ಅದನ್ನು ಪೂಜಿಸಬೇಕಾದ ಗೊರವನಿಗೆ ಹೆಸರಿಲ್ಲ. ದತ್ತಿಯ ನೆಲವನ್ನು ಉತ್ತವನ ಸುಳಿವಂತೂ ಇಲ್ಲವೇ ಇಲ್ಲ. ಅರಸನ ಕೈಯಿಂದ ಬಂದ ನಾಯಿಯಾದ್ದರಿಂದ ಕಾಳಿ ಗಣ್ಯರ ಸಾಲಿಗೆ ಸೇರಿತು. ದಾಖಲೆಯಲ್ಲಿ ಹೆಸರು ಪಡೆಯಲು ಮನುಷ್ಯನಾಗಿರುವುದಕ್ಕಿಂತ ಅಧಿಕಾರಕ್ಕೆ ಹತ್ತಿರವಾಗಿರುವುದು ಮುಖ್ಯವಾಗಿತ್ತೆಂಬುದನ್ನು ಈ ಒಂದು ಕಲ್ಲು ಸ್ಪಷ್ಟಪಡಿಸುತ್ತದೆ.

2. ಸ್ತ್ರೀಯರ ಪ್ರವೇಶ

ಸ್ತ್ರೀಯರ ಮಟ್ಟಿಗೆ ದಾಖಲೆಯ ಬಾಗಿಲು ಇನ್ನೂ ಕಿರಿದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆಯ ಕಥೆಯನ್ನು ಹೇಳುತ್ತದೆ. ಅವಳ ಗಂಡ ಏಚನು ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದನೆಂದು ಅರಸನ ಆಜ್ಞೆಯಿಂದ ಹತನಾದನು. ಸುದ್ದಿ ಕೇಳಿದ ದೇಕಬ್ಬೆ ಹೆತ್ತವರೂ ಬಂಧುಗಳೂ ತಡೆದರೂ ಕೇಳದೆ ಅಗ್ನಿಪ್ರವೇಶ ಮಾಡಿದಳು. ಈ ಶಾಸನದ ಕಾವ್ಯಗುಣವನ್ನು ವಿದ್ವಾಂಸರು ಮುಕ್ತಕಂಠದಿಂದ ಹೊಗಳಿದ್ದಾರೆ. ಆದರೆ ಆ ಕಾವ್ಯಗುಣವೇ ಓದುಗನ ಕಣ್ಣನ್ನು ಬೆಂಕಿಯ ಮೇಲೆ ನಿಲ್ಲಿಸಿ, ಅದಕ್ಕೆ ಕಾರಣವಾದ ದಂಡನೆಯನ್ನು ಹಿನ್ನೆಲೆಗೆ ಸರಿಸುತ್ತದೆ. ಮಗಳನ್ನು ಉಳಿಸಿಕೊಳ್ಳಲು ಹೆಣಗಿದ ತಂದೆತಾಯಿಯ ಮಾತು ಅವಳ ದೃಢತೆಯನ್ನು ಎತ್ತಿ ತೋರಿಸುವ ಸಾಧನವಾಗಿಯಷ್ಟೇ ಬಳಕೆಯಾಗಿದೆ. ಸಾಯಬೇಡವೆಂದವರು ಅಲ್ಲಿದ್ದರೆಂಬುದಕ್ಕೆ ಅದೇ ಸಾಕ್ಷಿಯೂ ಹೌದು. ಮಾಸ್ತಿಕಲ್ಲುಗಳ ಅಧ್ಯಯನದಲ್ಲಿ ಈ ಸಾಕ್ಷ್ಯಕ್ಕೆ ಸಲ್ಲಬೇಕಾದ ಬೆಲೆ ಸಂದಿಲ್ಲ.

ಕೆರೆಗಳ ವಿಷಯದಲ್ಲಿ ಶಾಸನಕ್ಕೂ ಜನಪದ ಗೀತೆಗೂ ಇರುವ ಅಂತರ ಇನ್ನೂ ನಿಚ್ಚಳವಾಗಿದೆ. ಕೆರೆ ಕಟ್ಟಿಸಿದವನ ಹೆಸರು, ಅದರ ರಕ್ಷಣೆಗೆ ಬಿಟ್ಟ ಬಿತ್ತುವಟ್ಟ, ದತ್ತಿಯನ್ನು ಅಳಿದವನಿಗೆ ತಟ್ಟುವ ಪಾಪ, ಇವು ಕೆರೆಯ ಶಾಸನಗಳ ಸಾಮಾನ್ಯ ಸಾಮಗ್ರಿ. ‘ಕೆರೆಗೆ ಹಾರ’ ಕಥನಗೀತೆಯಲ್ಲಿಯೂ ಕೆರೆ ಕಟ್ಟಿಸಿದ ಮಲ್ಲನಗೌಡನಿದ್ದಾನೆ. ಆದರೆ ಗೀತೆ ಅವನ ಹಿಂದೆ ಹೋಗುವುದಿಲ್ಲ. ನೀರು ಬಾರದ ಕೆರೆಗೆ ಆಹುತಿಯಾಗಲೆಂದು ಮನೆಯವರು ಗೊತ್ತುಮಾಡಿದ ಕಿರಿಸೊಸೆ ಭಾಗೀರಥಿಯ ಹಿಂದೆ ಅವಳ ತವರಿಗೆ, ಗೆಳತಿಯ ಮನೆಗೆ, ಕೊನೆಗೆ ಕೆರೆಯ ಮೆಟ್ಟಿಲಿಗೆ ಹೋಗುತ್ತದೆ. ಭಾಗೀರಥಿ ಚಾರಿತ್ರಿಕ ವ್ಯಕ್ತಿಯೇ ಎಂಬ ಪ್ರಶ್ನೆ ಇಲ್ಲಿ ಗೌಣ. ಶಾಸನದಲ್ಲಿ ಪುಣ್ಯವಾಗಿ ಲೆಕ್ಕಕ್ಕೆ ಬಂದ ಕೆಲಸಕ್ಕೆ ಇನ್ನೊಂದು ಲೆಕ್ಕವೂ ಇರಬಲ್ಲದೆಂದು ಹಾಡುವ ಹೆಂಗಸರು ಬಲ್ಲರು. ಗೀತೆಯ ಚಾರಿತ್ರಿಕ ಬೆಲೆ ಈ ಅರಿವಿನಲ್ಲಿದೆ.

3. ಕಂಪನಿಯ ಕಾಗದ ಮತ್ತು ಲಾವಣಿ

ಹತ್ತೊಂಬತ್ತನೆಯ ಶತಮಾನಕ್ಕೆ ಬರುವಾಗ ಕಲ್ಲಿನ ಜಾಗದಲ್ಲಿ ಕಾಗದ ಬರುತ್ತದೆ. ವೀರನ ಜಾಗದಲ್ಲಿ ಬಂಡಾಯಗಾರ ಬರುತ್ತಾನೆ. ಸಂಗೊಳ್ಳಿ ರಾಯಣ್ಣನು ಕಿತ್ತೂರು ಸಂಸ್ಥಾನದ ಶೇತಸನದಿ, ಎಂದರೆ ಊರ ಕಾವಲಿನ ಚಾಕರಿಗಾಗಿ ಹೊಲ ಪಡೆದವನು. 1824ರ ಕೊನೆಗೆ ಕಿತ್ತೂರು ಕಂಪನಿಯ ವಶವಾದ ಮೇಲೆ ಇಂಥ ಚಾಕರಿಯ ಹೊಲಗಳ ಗತಿ ಬದಲಾಯಿತು. 1829-30ರ ಬಂಡಾಯದಲ್ಲಿ ರಾಯಣ್ಣನ ಕಡೆಯವರು ಸುಟ್ಟವುಗಳಲ್ಲಿ ಬೀಡಿಯ ಸರ್ಕಾರಿ ಕಚೇರಿಯೂ ಒಂದು. ದಾಖಲೆಗಳ ಚರಿತ್ರೆಯನ್ನು ಬರೆಯುವವರು ಈ ಸಂಗತಿಯ ಬಳಿ ನಿಲ್ಲಬೇಕು. ಹೊಲ ಯಾರದೆಂದು ಹೇಳುವ ಅಧಿಕಾರ ಕಚೇರಿಯ ಕಾಗದಕ್ಕೆ ಬಂದಿತ್ತು. ಅಕ್ಷರ ಬಲ್ಲವರಷ್ಟೇ ಅಲ್ಲ, ಅಕ್ಷರದಿಂದ ಹೊಲ ಕಳೆದುಕೊಂಡವರೂ ದಾಖಲೆಯ ಬೆಲೆಯನ್ನು ಬಲ್ಲವರಾಗಿದ್ದರು.

1831ರ ಜನವರಿಯಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಕಂಪನಿಯ ಲೆಕ್ಕದಲ್ಲಿ ಅವನ ಕಡತ ಅಲ್ಲಿಗೆ ಮುಗಿಯಿತು. ಜನಪದರಲ್ಲಿ ಅಲ್ಲಿಂದ ಆರಂಭವಾಯಿತು. ನಂದಗಡದ ಸಮಾಧಿಯ ಬಳಿಯ ಆಲದ ಮರಕ್ಕೆ ಹೆಂಗಸರು ತೊಟ್ಟಿಲು ಕಟ್ಟಿ ಸಂತಾನ ಬೇಡುತ್ತಾರೆ. ಸರ್ಕಾರದ ಕಾಗದದಲ್ಲಿ ದರೋಡೆಗಾರನಾದವನು ಹೆಂಗಸರ ಹರಕೆಯಲ್ಲಿ ಮಕ್ಕಳನ್ನು ಕೊಡುವವನಾದನು.

ಹಲಗಲಿಯ ಬೇಡರ ಪ್ರಸಂಗವನ್ನು ಇದರ ಜೊತೆಗಿಟ್ಟು ನೋಡಬಹುದು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿಯ ಕಾಯಿದೆ ಮುಧೋಳ ಸಂಸ್ಥಾನದ ಈ ಊರಿಗೂ ಬಂದಿತು. ಬೇಟೆಯೇ ಬದುಕಾದ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಅಧಿಕೃತ ವರದಿಯ ಅಂಕಿ ಇಂಥದು: ಸತ್ತವರೆಷ್ಟು, ಸೆರೆಯಾದವರೆಷ್ಟು, ನೇಣಿಗೆ ಹೋದವರೆಷ್ಟು. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಲಾವಣಿಯಲ್ಲಿಯೂ ಒಂದು ಪಟ್ಟಿಯಿದೆ. ಅದು ದಂಡಿನವರು ದೋಚಿದ ವಸ್ತುಗಳದು. ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ, ಬೀಸುವ ಕಲ್ಲು, ಮಂಗಳಸೂತ್ರ ಮೊದಲಾದವು ಅದರಲ್ಲಿವೆ. ವಿಮರ್ಶಕರು ಇದನ್ನು ಲಾವಣಿಕಾರನ ವರ್ಣನಾಪ್ರೀತಿಯೆಂದು ದಾಟಿಹೋಗುವುದುಂಟು. ವಾಸ್ತವವಾಗಿ ವೀರಗಲ್ಲಿನಲ್ಲಿ ಇಲ್ಲವಾಗಿದ್ದ ನಾಲ್ಕನೆಯ ಪಟ್ಟಿಕೆ ಇದೇ. ಹಲಗಲಿಯವರು ಏನು ಉಣ್ಣುತ್ತಿದ್ದರು, ಯಾವುದರಿಂದ ಬೀಸುತ್ತಿದ್ದರು, ಮನೆಯೊಳಗೆ ಯಾವುದನ್ನು ಬೆಲೆಯುಳ್ಳದ್ದೆಂದು ಇಟ್ಟುಕೊಂಡಿದ್ದರು ಎಂಬುದು ಕಳೆದುಕೊಂಡ ಸಾಮಾನಿನ ಲೆಕ್ಕದ ಮೂಲಕ ತಿಳಿದುಬರುತ್ತದೆ. ಬೀಸುವ ಕಲ್ಲನ್ನೂ ಬಿಡಲಿಲ್ಲವೆಂಬ ಒಂದು ವಿವರ ದಂಡಿನ ಸ್ವರೂಪವನ್ನು ಯಾವ ಅಂಕಿಗಿಂತಲೂ ನಿಖರವಾಗಿ ತಿಳಿಸುತ್ತದೆ.

4. ಸಂಗ್ರಾಹಕನ ಶೀರ್ಷಿಕೆ

ಈ ಲಾವಣಿಗಳು ಅಚ್ಚಾಗಿ ಉಳಿದುದರಲ್ಲಿಯೂ ಸರ್ಕಾರದ ಕೈಯಿದೆ. ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅವನ್ನು ಅನುವಾದಸಹಿತ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ವರಮಾನ ತೆರಿಗೆ, ಬೈಲಹೊಂಗಲದ ಸಂಗ್ಯಾ ಅವುಗಳ ವಸ್ತು. ಆಡಳಿತದ ವಿರುದ್ಧ ಹಾಡಿದ ಹಾಡುಗಳನ್ನು ಆಡಳಿತಗಾರನೇ ಕಾಪಾಡಿದುದು ಚರಿತ್ರೆಯ ವೈಚಿತ್ರ್ಯ. ಅದಕ್ಕಾಗಿ ಕನ್ನಡ ಜಾನಪದ ಅಧ್ಯಯನ ಅವನಿಗೆ ಋಣಿಯಾಗಿದೆ. ಆದರೆ ಸಂಗ್ಯಾನ ಲಾವಣಿಗೆ ಅವನು ಕೊಟ್ಟ ಇಂಗ್ಲಿಷ್ ಶೀರ್ಷಿಕೆ ಅಪರಾಧ ಮತ್ತು ಮರಣವೆಂಬ ಎರಡು ಮಾತುಗಳಿಂದ ಕೂಡಿದೆ. ನ್ಯಾಯಾಲಯದ ಕಡತಕ್ಕೆ ಒಪ್ಪುವ ಹೆಸರು ಅದು. ಅದೇ ಕಥೆಯನ್ನು ಸಣ್ಣಾಟವಾಗಿ ಆಡುವ ಜನ ಅದನ್ನು ‘ಸಂಗ್ಯಾ ಬಾಳ್ಯಾ’ ಎಂದು ಇಬ್ಬರು ಗೆಳೆಯರ ಹೆಸರಿನಿಂದ ಕರೆದರು. ಒಂದು ಶೀರ್ಷಿಕೆ ಕೃತ್ಯವನ್ನು ಹಿಡಿದರೆ, ಇನ್ನೊಂದು ಸಂಬಂಧವನ್ನು ಮತ್ತು ಆ ಸಂಬಂಧದೊಳಗಿನ ದ್ರೋಹವನ್ನು ಹಿಡಿಯುತ್ತದೆ.

ಹಾಗೆಂದು ಲಾವಣಿ ಸತ್ಯ, ಕಡತ ಸುಳ್ಳು ಎಂಬ ಸರಳ ತೀರ್ಮಾನಕ್ಕೆ ಬರುವುದೂ ಯುಕ್ತವಲ್ಲ. ಜಾನಪದ ಅಧ್ಯಯನ ಈ ಭಾವುಕತೆಗೆ ಹಲವು ಸಲ ಎಡೆಮಾಡಿಕೊಟ್ಟಿದೆ. ಲಾವಣಿಕಾರನಿಗೂ ಸಭೆಯಿದೆ, ಮೆಚ್ಚಿಸಬೇಕಾದ ಕೇಳುಗರಿದ್ದಾರೆ. ಹಲಗಲಿಯ ಹಾಡಿನಲ್ಲಿಯೂ ಹೆಸರು ಹಿಡಿದು ಮಾತನಾಡಿಸಿಕೊಳ್ಳುವವರು ಕಾದಾಡಿದ ಗಂಡಸರು. ಹೆಂಗಸರ ಪಾಲಿಗೆ ಬಂದುದು ದೋಚಿಹೋದ ಒಡವೆ ಮತ್ತು ಅಡುಗೆಮನೆ. ಕಡತ ಸಾವನ್ನು ಶಿಕ್ಷೆಯೆಂದು ಬರೆದರೆ ಲಾವಣಿ ಸಾವನ್ನು ಕೀರ್ತಿಯೆಂದು ಹಾಡುತ್ತದೆ. ಎರಡಕ್ಕೂ ಸಾವು ಬೇಕು. ಊರು ಸುಟ್ಟ ಮೇಲೆ ಉಳಿದವರು ಮತ್ತೆ ಹೇಗೆ ಬದುಕು ಕಟ್ಟಿಕೊಂಡರೆಂಬುದು ಎರಡರ ಆಸಕ್ತಿಯೂ ಅಲ್ಲ.

5. ಗಣ್ಯರನ್ನಾಗಿಸುವ ಬರೆಹ

ಇಂದು ರಾಯಣ್ಣ ಗಣ್ಯನಾಗಿದ್ದಾನೆ. ಬೆಂಗಳೂರಿನ ಪ್ರಧಾನ ರೈಲು ನಿಲ್ದಾಣಕ್ಕೆ ಅವನ ಹೆಸರಿದೆ. ಹಲಗಲಿಯ ಲಾವಣಿ ಶಾಲಾ ಪಠ್ಯಕ್ಕೆ ಬಂದಿದೆ. ಒಂದು ಪ್ರಭುತ್ವ ಗಲ್ಲಿಗೇರಿಸಿದವರನ್ನು ಮತ್ತೊಂದು ಪ್ರಭುತ್ವ ಗೌರವಿಸಿದುದು ನ್ಯಾಯವಾದುದೇ. ಆದರೆ ಸ್ಮರಣ ಸಂಪುಟಗಳಲ್ಲಿಯೂ ವ್ಯಕ್ತಿಕೋಶಗಳಲ್ಲಿಯೂ ಅವರ ಬಗ್ಗೆ ಬರೆಯುವ ಕ್ರಮ ಬದಲಾಗಿಲ್ಲ. ಹುಟ್ಟಿದ ಊರು, ಕುಲ, ಶೌರ್ಯ, ಹಿಡಿದುಕೊಟ್ಟವರ ದ್ರೋಹ, ನೇಣಿನ ದಿನಾಂಕ. ವೀರಗಲ್ಲಿನ ಮೂರು ಪಟ್ಟಿಕೆಗಳೇ ಕಾಗದದ ಮೇಲೆ ಮರುಕಳಿಸಿದಂತಿದೆ. ಶೇತಸನದಿಯ ಹೊಲದ ಪ್ರಶ್ನೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ; ಬೇಡನಿಗೆ ಆಯುಧವು ಮೊದಲು ಅನ್ನದ ಸಾಧನವೆಂಬುದು ಸ್ವಾಭಿಮಾನದ ಸಂಕೇತದೊಳಗೆ ಕರಗಿಹೋಗುತ್ತದೆ. ಸಾಮಾನ್ಯನು ಗಣ್ಯನಾಗುವಾಗ ಅವನನ್ನು ಸಾಮಾನ್ಯನನ್ನಾಗಿಸಿದ್ದ ಸಂಗತಿಗಳನ್ನೇ ತೆಗೆದುಹಾಕಿದರೆ, ಉಳಿದ ಊರಿನವರಿಗೂ ಅವನಿಗೂ ಇದ್ದ ಸಂಬಂಧ ಕಡಿದುಹೋಗುತ್ತದೆ. ಬಂಡಾಯ ಒಬ್ಬನ ಗುಣವಾಗುತ್ತದೆ. ಅದಕ್ಕೆ ಕಾರಣವಾದ ಕಂದಾಯದ ವ್ಯವಸ್ಥೆ ಮರೆಯಾಗುತ್ತದೆ.

ಆದುದರಿಂದ ವ್ಯಕ್ತಿಚರಿತ್ರೆಯ ಯಾವುದೇ ನಮೂದನ್ನು ಸಿದ್ಧಪಡಿಸುವವರು ಆಕರದ ಮುಂದೆ ಕೆಲವು ಪ್ರಶ್ನೆಗಳನ್ನು ಇಡುವುದು ಅವಶ್ಯ. ಈ ಹೆಸರು ಯಾವ ವ್ಯವಹಾರಕ್ಕಾಗಿ ಬರೆಯಲ್ಪಟ್ಟಿತು? ಬರೆಸಿದವರು ಯಾರು, ಬರೆಸಿದುದರಿಂದ ಅವರಿಗೆ ದೊರೆತುದೇನು? ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದೂ ಹೆಸರು ಪಡೆಯದವರು ಯಾರು? ಈ ಪ್ರಶ್ನೆಗಳಿಗೆ ಶಾಸನವೊಂದೇ, ಕಡತವೊಂದೇ ಅಥವಾ ಲಾವಣಿಯೊಂದೇ ಉತ್ತರಿಸಲಾರದು. ಶಾಸನತಜ್ಞ, ಪತ್ರಾಗಾರದ ಸಂಶೋಧಕ ಮತ್ತು ಜಾನಪದ ಕ್ಷೇತ್ರಕಾರ್ಯಕರ್ತ ಒಂದೇ ಊರಿನ ಸಾಮಗ್ರಿಯನ್ನು ಒಟ್ಟಿಗೆ ಕುಳಿತು ಓದಬೇಕಾಗುತ್ತದೆ. ಫ್ಲೀಟ್‌ನಲ್ಲಿ ಈ ಮೂವರೂ ಒಬ್ಬನೇ ಆಗಿದ್ದರು. ಅವನಿಗಿದ್ದ ಆಡಳಿತಗಾರನ ಹಂಗು ಇಂದಿನ ಕನ್ನಡ ವಿದ್ವಾಂಸನಿಗೆ ಇರಬೇಕಾಗಿಲ್ಲ. ಹಾಗೆ ಓದಿದಾಗ ಆತಕೂರಿನ ಗೊರವನ ಹೆಸರು ಸಿಕ್ಕೀತೆಂದಲ್ಲ. ಆದರೆ ಕಾಳಿಯ ಕಥೆಯನ್ನು ಹೇಳುವಾಗ, ಆ ಕಲ್ಲಿಗೆ ಪೂಜೆ ಸಲ್ಲಿಸಿದ ಬಳಿಕವೇ ಉಣ್ಣಬೇಕಾಗಿದ್ದ ಒಬ್ಬ ಮನುಷ್ಯ ಅಲ್ಲಿದ್ದನೆಂದು ಹೇಳದೆ ಮುಂದೆ ಹೋಗುವುದು ಸಾಧ್ಯವಾಗದು.