ಶ್ರೋತೃವಿನ ತೀರ್ಪು: ‘ಸೀರಿಯಲ್’ ಶ್ರವ್ಯಮಾಲೆಯ ವಿವೇಚನೆ

ಕಥನವನ್ನು ಕಿವಿಯಿಂದ ಗ್ರಹಿಸುವ ಪದ್ಧತಿ ನಮಗೆ ಹೊಸತಲ್ಲ. ಗಮಕಿಗಳ ವಾಚನವನ್ನೋ ಹರಿಕಥೆಯನ್ನೋ ಕೇಳುವ ಶ್ರೋತೃವಿಗೆ ಕಥೆಯ ಕೊನೆ ಮೊದಲೇ ತಿಳಿದಿರುತ್ತದೆ. ಅವನ ಆಸಕ್ತಿಯೆಲ್ಲ ಹೇಳುವ ಬಗೆಯಲ್ಲಿ. ಈಚೆಗೆ ಪ್ರಸಿದ್ಧಿಗೆ ಬಂದಿರುವ ಪಾಡ್‌ಕಾಸ್ಟ್ ಎಂಬ ಶ್ರವ್ಯಮಾಲೆಗಳಲ್ಲಿ, ಅದರಲ್ಲಿಯೂ ವಿವಾದಾಸ್ಪದವಾದ ಕೊಲೆಯ ತೀರ್ಪುಗಳನ್ನು ಕುರಿತವುಗಳಲ್ಲಿ, ಕೊನೆಯೇನೆಂಬುದು ಎಷ್ಟೋ ಸಲ ಹೇಳುವವರಿಗೂ ತಿಳಿಯದು. ಇಂತಹ ಕೃತಿಯನ್ನು ಕೇಳುವಾಗ ನಾವು ಸಹೃದಯರೋ ನ್ಯಾಯಾಧೀಶರೋ? ಈ ಪ್ರಶ್ನೆಯನ್ನು ೨೦೧೪ರ ‘ಸೀರಿಯಲ್’ ಮಾಲೆಯ ಮೂಲಕ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಪ್ರಕರಣದ ಸಂಗತಿಗಳು ಸಂಕ್ಷೇಪವಾಗಿ ಹೀಗಿವೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಪ್ರದೇಶದಲ್ಲಿ ೧೯೯೯ರ ಜನವರಿ ೧೩ರಂದು ಹೇ ಮಿನ್ ಲೀ ಎಂಬ ಪ್ರೌಢಶಾಲಾ ವಿದ್ಯಾರ್ಥಿನಿ ಕಾಣೆಯಾದಳು. ಮರುತಿಂಗಳು ಆಕೆಯ ಶವ ಲೀಕಿನ್ ಪಾರ್ಕಿನಲ್ಲಿ ದೊರೆಯಿತು. ಆಕೆಯ ಹಿಂದಿನ ಪ್ರಣಯಿಯಾದ ಅದ್ನಾನ್ ಸಯ್ಯದನು ೨೦೦೦ದಲ್ಲಿ ಅಪರಾಧಿಯೆಂದು ನಿರ್ಣೀತನಾಗಿ, ಜೀವಾವಧಿಗೂ ಅದರ ಮೇಲೆ ೩೦ ವರ್ಷಗಳ ಸೆರೆಗೂ ಗುರಿಯಾದನು. ಶವವನ್ನು ಹೂಳಲು ತಾನು ನೆರವಾದೆನೆಂದ ಪರಿಚಿತನೊಬ್ಬನ ಸಾಕ್ಷ್ಯವೂ ಮೊಬೈಲ್ ಕರೆಗಳ ಗೋಪುರದಾಖಲೆಗಳೂ ಸರ್ಕಾರದ ಪಕ್ಷದ ಮುಖ್ಯ ಆಧಾರಗಳು.

ಸಾರಾ ಕೇನಿಗ್ ಅವರು ಇದನ್ನು ೧೨ ಕಂತುಗಳಲ್ಲಿ ನಿರೂಪಿಸಿದರು. ಶೋಧನೆ ಇನ್ನೂ ನಡೆಯುತ್ತಿರುವಾಗಲೇ ಕಂತುಗಳು ಹೊರಬೀಳತೊಡಗಿದವು. ಸರ್ಕಾರದ ಪಕ್ಷದ ಲೆಕ್ಕದಂತೆ ಶಾಲೆ ಬಿಟ್ಟ ೨೧ ನಿಮಿಷಗಳೊಳಗೆ ಕೊಲೆ ನಡೆದು ಮುಗಿದಿರಬೇಕು. ನಿರೂಪಕಿ ಅದೇ ದಾರಿಯಲ್ಲಿ ಕಾರಿನಲ್ಲಿ ಹೋಗಿ ಹೊತ್ತನ್ನು ಅಳೆದು ನೋಡುತ್ತಾರೆ. ಹೀಗೆ ನೋಡಿದರೆ ಈ ಕೃತಿಯ ನಾಯಕ ಸಯ್ಯದನಲ್ಲ, ನಿರೂಪಕಿಯ ಸಂಶಯ. ಅಂತಿಮ ಕಂತಿನಲ್ಲಿ ಆಕೆ, ತಾನು ಜ್ಯೂರಿಯಲ್ಲಿದ್ದಿದ್ದರೆ ಬಿಡುಗಡೆಗೇ ಮತ ಕೊಡಬೇಕಾಗುತ್ತಿತ್ತೆಂದೂ, ಆದರೂ ಅವನು ನಿರಪರಾಧಿಯೆಂದು ನಿಶ್ಚಯವಾಗಿ ಹೇಳಲಾರೆನೆಂದೂ ಒಪ್ಪುತ್ತಾರೆ. ಅಪರಾಧ ಸಿದ್ಧವಾಗಿಲ್ಲವೆನ್ನುವುದು ಬೇರೆ, ಅಪರಾಧ ನಡೆದಿಲ್ಲವೆನ್ನುವುದು ಬೇರೆ. ಈ ಭೇದವನ್ನು ಅಸಂಖ್ಯ ಶ್ರೋತೃಗಳ ಮನಸ್ಸಿಗೆ ತಂದದ್ದು ಕೃತಿಯ ದೊಡ್ಡ ಗುಣವೆಂದು ನಾವು ಭಾವಿಸುತ್ತೇವೆ.

ಆದರೆ ದೋಷವೂ ಈ ಗುಣದ ಬೆನ್ನಿಗೇ ಇದೆ. ರಸಾನುಭವಕ್ಕೆ ಸಾಧಾರಣೀಕರಣ ಅವಶ್ಯಕವೆಂದು ನಮ್ಮ ಆಲಂಕಾರಿಕರು ಹೇಳುತ್ತಾರೆ. ರಂಗದ ಮೇಲಿನ ಶೋಕವು ‘ಇದು ಇಂಥವನ ಶೋಕ’ ಎಂಬ ಸಂಬಂಧವನ್ನು ಕಳಚಿಕೊಂಡಾಗ ಮಾತ್ರ ಅದು ಕರುಣರಸವಾಗಿ ಆಸ್ವಾದ್ಯವಾಗುತ್ತದೆ. ನಿಜವಾದ ಕೊಲೆಯ ಕಥನದಲ್ಲಿ ಆ ಸಂಬಂಧವನ್ನು ಕಳಚುವಂತಿಲ್ಲ. ಸತ್ತವಳಿಗೆ ಹೆಸರಿದೆ, ತಾಯಿಯಿದ್ದಾಳೆ. ಆದರೂ ವಾರದ ಕಂತು, ಹಿನ್ನೆಲೆಯ ಸಂಗೀತ, ಸರಿಯಾದ ಗಳಿಗೆಯಲ್ಲಿ ನಿಲ್ಲುವ ಮಾತು ಇವೆಲ್ಲ ನಮ್ಮನ್ನು ಆಸ್ವಾದದ ಕಡೆಗೇ ಸೆಳೆಯುತ್ತವೆ. ಶೋಕ ಹಿಂದೆ ಸರಿದು ಕುತೂಹಲ ಮುಂದೆ ಬರುತ್ತದೆ. ಸಯ್ಯದನ ದನಿ ಸೆರೆಮನೆಯ ದೂರವಾಣಿಯಿಂದ ಮತ್ತೆ ಮತ್ತೆ ಕೇಳುತ್ತದೆ; ಲೀಯ ಮಾತು ಆಕೆಯ ದಿನಚರಿಯ ಕೆಲವು ಸಾಲುಗಳಲ್ಲಿ ಮಾತ್ರ. ಆಕೆಯ ಮನೆಯವರ ದನಿಯಂತೂ ಇಲ್ಲ.

ಈ ಕೊರತೆ ಕೇವಲ ಕಲೆಯದಲ್ಲವೆಂಬುದನ್ನು ಮುಂದಿನ ಘಟನೆಗಳು ತೋರಿಸಿದವು. ೨೦೨೨ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಹಳೆಯ ತೀರ್ಪನ್ನು ರದ್ದುಪಡಿಸಿತು, ಸಯ್ಯದನು ಹೊರಬಂದನು. ಅಂದು ಲೀಯ ಸೋದರನು, ಇದು ತನ್ನ ಪಾಲಿಗೆ ಶ್ರವ್ಯಮಾಲೆಯಲ್ಲ, ಬದುಕು, ಎಂಬರ್ಥದ ಮಾತನ್ನಾಡಿದನು. ವಿಚಾರಣೆಗೆ ಸ್ವತಃ ಹಾಜರಾಗಲು ಸಾಕಷ್ಟು ಮುಂಚಿತವಾಗಿ ಅವನಿಗೆ ತಿಳಿಸಲಿಲ್ಲವೆಂಬ ಕಾರಣದಿಂದ ಮೇಲಿನ ನ್ಯಾಯಾಲಯ ೨೦೨೩ರಲ್ಲಿ ತೀರ್ಪನ್ನು ಪುನಃ ಸ್ಥಾಪಿಸಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ೨೦೨೪ರಲ್ಲಿ ಅದನ್ನು ಎತ್ತಿಹಿಡಿಯಿತು. ೨೦೨೫ರ ಮಾರ್ಚಿನಲ್ಲಿ ಶಿಕ್ಷೆಯನ್ನು ಅನುಭವಿಸಿದಷ್ಟಕ್ಕೇ ಇಳಿಸಲಾಯಿತಾದರೂ ಅಪರಾಧನಿರ್ಣಯ ಹಾಗೆಯೇ ಉಳಿಯಿತು. ಕಥನದಲ್ಲಿ ಕೇಳಿಸದೆ ಉಳಿದ ದನಿಯೇ ನ್ಯಾಯಾಲಯದಲ್ಲಿ ಪ್ರಕರಣದ ದಿಕ್ಕನ್ನು ಬದಲಿಸಿತು.

ಇದರೊಡನೆ ೨೦೧೮ರ ‘ಇನ್ ದ ಡಾರ್ಕ್’ ಮಾಲೆಯ ಎರಡನೆಯ ಭಾಗವನ್ನು ಹೋಲಿಸಬಹುದು. ೧೯೯೬ರಲ್ಲಿ ಮಿಸಿಸಿಪ್ಪಿಯ ವಿನೋನಾದಲ್ಲಿ ನಡೆದ ನಾಲ್ಕು ಕೊಲೆಗಳಿಗಾಗಿ ಕರ್ಟಿಸ್ ಫ್ಲವರ್ಸ್ ಎಂಬಾತನನ್ನು ಆರು ಸಲ ವಿಚಾರಣೆಗೆ ಗುರಿಪಡಿಸಿದ ಪ್ರಕರಣವಿದು. ಮ್ಯಾಡಲೀನ್ ಬ್ಯಾರನ್ ಮತ್ತು ಸಂಗಡಿಗರು ತಮ್ಮ ಸಂಶಯವನ್ನು ನಾಯಕನನ್ನಾಗಿಸಲಿಲ್ಲ. ಊರಿನಲ್ಲಿ ನೆಲೆಸಿ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕಂಡು, ಜ್ಯೂರಿಯ ಆಯ್ಕೆಯ ದಾಖಲೆಗಳನ್ನು ಎಣಿಸಿದರು. ೨೦೧೯ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಪರಾಧನಿರ್ಣಯವನ್ನು ತಳ್ಳಿಹಾಕುವಾಗ, ಆರು ವಿಚಾರಣೆಗಳಲ್ಲಿ ಸರ್ಕಾರದ ಪಕ್ಷವು ತೆಗೆದುಹಾಕಬಹುದಾಗಿದ್ದ ೪೨ ಮಂದಿ ಕರಿಯ ಜ್ಯೂರಿ ಅಭ್ಯರ್ಥಿಗಳಲ್ಲಿ ೪೧ ಮಂದಿಯನ್ನು ತೆಗೆದುಹಾಕಿತ್ತೆಂಬುದನ್ನು ಗಮನಿಸಿತು. ೨೦೨೦ರಲ್ಲಿ ಆರೋಪಗಳು ರದ್ದಾದವು. ‘ಸೀರಿಯಲ್’ ಒಬ್ಬ ಮನುಷ್ಯ ಸತ್ಯವಂತನೇ ಎಂದು ಕೇಳಿದರೆ, ಈ ಮಾಲೆ ಒಂದು ವ್ಯವಸ್ಥೆ ನ್ಯಾಯವಾಗಿ ನಡೆದಿದೆಯೇ ಎಂದು ಕೇಳಿತು. ದನಿಯನ್ನಷ್ಟೇ ಆಲಿಸಿ ಮೊದಲನೆಯ ಪ್ರಶ್ನೆಗೆ ಉತ್ತರ ಕಾಣಲಾಗದು. ಎರಡನೆಯದಕ್ಕೆ ದಾಖಲೆಯಿಂದ ಉತ್ತರವುಂಟು.

ಆದುದರಿಂದ ಈ ಪ್ರಕಾರವನ್ನು ತೂಗುವ ಅಳತೆ ನಿರೂಪಣೆಯ ಸೊಗಸೊಂದೇ ಆಗಲಾರದು. ಯಾರ ದನಿ ಕೇಳಿಸಿತು, ಯಾರದು ಕೇಳಿಸಲಿಲ್ಲ, ಶ್ರೋತೃವಿನ ಒಲವು ಸಾಕ್ಷ್ಯದಿಂದ ಹುಟ್ಟಿತೋ ಕಂಠಮಾಧುರ್ಯದಿಂದಲೋ ಎಂಬುದನ್ನು ವಿಮರ್ಶಕನು ವಿಚಾರಿಸಬೇಕು. ನ್ಯಾಯಾಸನದ ಮೇಲಿರುವವನು ತನ್ನ ತೀರ್ಪಿಗೆ ಕಾರಣ ಕೊಡಬೇಕಾಗುತ್ತದೆ. ಮನೆಯಲ್ಲಿ ಕುಳಿತು ಕೇಳುವವನಿಗೆ ಆ ಬಂಧನವಿಲ್ಲ. ಅದನ್ನು ತಾನಾಗಿಯೇ ಹಾಕಿಕೊಳ್ಳುವ ಶ್ರೋತೃವಿಗೆ ಮಾತ್ರ ಇಂತಹ ಕೃತಿಗಳು ಕುತೂಹಲವನ್ನಲ್ಲದೆ ವಿವೇಕವನ್ನೂ ಕೊಡಬಲ್ಲವು.