ಅರ್ಜಿ ಹಿಡಿದ ಹೆಣ್ಣು, ಕಟ್ಟೆಯ ಮೇಲಿನ ಗಂಡು

ಅರಬ್ಬಿ, ಪರ್ಷಿಯನ್ ಕಾದಂಬರಿಗಳ ಹೆಣ್ಣುಗಳನ್ನು ಬಂಡಾಯದ ಕಣ್ಣಿನಲ್ಲಿ ನೋಡುವುದು ನಮಗೆ ರೂಢಿಯಾಗಿದೆ. ಪರದೆ ಕಿತ್ತೆಸೆದಳು, ಮನೆ ಬಿಟ್ಟಳು, ಕೊಂದಳು, ಸತ್ತಳು ಎಂದು ಲೆಕ್ಕ ಹಾಕಿ ಪ್ರತಿರೋಧದ ಪಟ್ಟಿ ಮಾಡುತ್ತೇವೆ. ಕನ್ನಡದಲ್ಲಿ ಮುಸ್ಲಿಂ ಹೆಣ್ಣಿನ ಬದುಕನ್ನು ಅವಳ ಅಡುಗೆಮನೆಯಿಂದಲೇ ಬರೆದ ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್ ಅವರಿಗೆ ಈ ಪಟ್ಟಿ ಸಾಲದು. ಇವರ ಹೆಣ್ಣುಗಳು ಮೊದಲು ಮಾಡುವ ಕೆಲಸ ಅರ್ಜಿ ಹಾಕುವುದು. ಅಪ್ಪನಿಗೆ, ಗಂಡನಿಗೆ, ಜಮಾತಿಗೆ, ಮಸೀದಿಯ ಆಡಳಿತ ನೋಡುವ ಮುತವಲ್ಲಿಗೆ, ಕೊನೆಗೆ ದೇವರಿಗೆ. ಆ ಅರ್ಜಿಗೆ ಏನಾಗುತ್ತದೆ ಎಂಬುದರಲ್ಲೇ ಈ ಬರವಣಿಗೆಯ ಶಕ್ತಿಯೂ ಮಿತಿಯೂ ಇದೆ.

ಸಾರಾ ಹುಟ್ಟಿದ್ದು 1936ರಲ್ಲಿ, ಕಾಸರಗೋಡಿನಲ್ಲಿ. ಮನೆಯ ಮಾತು ಬೇರೆ, ಶಾಲೆಯ ಮಾತು ಕನ್ನಡ. ತಮ್ಮ ಸಮುದಾಯದ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಓದಿದವರು. ಅವರ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ತಲಾಖ್ ಆದ ಹೆಣ್ಣಿನ ಜೀವನಾಂಶದ ಕುರಿತ ಶಾಬಾನು ತೀರ್ಪಿನ ಗದ್ದಲ ಶುರುವಾಗಿದ್ದು 1985ರಲ್ಲಿ. ಅಂದರೆ ತಲಾಖ್ ದೇಶದ ರಾಜಕೀಯದ ಸರಕಾಗುವ ಮೊದಲೇ ಕನ್ನಡದ ಓದುಗ ಅದರ ನಾಯಕಿ ನಾದಿರಾಳ ಕತೆಯನ್ನು ವಾರವಾರವೂ ಓದಿ ಮುಗಿಸಿದ್ದ.

ಕತೆ ಸರಳ. ಮಹಮ್ಮದ್ ಖಾನನ ಮಗಳು ನಾದಿರಾ, ಅಳಿಯ ರಶೀದ್. ಗಂಡ ಹೆಂಡಿರಲ್ಲಿ ಪ್ರೀತಿಯಿದೆ, ಮಗುವಿದೆ. ಮಾವ ಅಳಿಯರ ನಡುವೆ ಹಣದ ಜಗಳ ಹುಟ್ಟುತ್ತದೆ. ಅಪ್ಪ ಮಗಳನ್ನು ತವರಿಗೆ ಎಳೆದು ತರುತ್ತಾನೆ. ಗಂಡನಿಗೂ ಬೇಡದ, ಹೆಂಡತಿಗೂ ಬೇಡದ ತಲಾಖ್ ಅಪ್ಪನ ಹಟದಿಂದ ನಡೆದುಹೋಗುತ್ತದೆ. ಮುಂದೆ ಇಬ್ಬರೂ ಒಂದಾಗಬೇಕೆಂದರೆ ನಿಯಮ ಅಡ್ಡ ನಿಲ್ಲುತ್ತದೆ: ನಾದಿರಾ ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕು. ಆ ರಾತ್ರಿಯನ್ನು ನಾದಿರಾ ಒಪ್ಪುವುದಿಲ್ಲ. ಮಸೀದಿಯ ಪಕ್ಕದ ಕೊಳದ ನೀರಿಗೆ ಇಳಿಯುತ್ತಾಳೆ.

ಈ ಕಾದಂಬರಿಯ ಹೆಚ್ಚುಗಾರಿಕೆ ಅದರ ದುರಂತದಲ್ಲಿದೆ ಎನ್ನುವವರೇ ಹೆಚ್ಚು. ನನಗೆ ಅದು ಕಾಣುವುದು ಅಧಿಕಾರ ಕೈಯಿಂದ ಕೈಗೆ ದಾಟುವ ಬಗೆಯನ್ನು ಸಾರಾ ಬಿಡಿಸಿಟ್ಟ ರೀತಿಯಲ್ಲಿ. ಮೊದಲು ಅಧಿಕಾರ ಒಬ್ಬ ಮುಂಗೋಪಿ ಅಪ್ಪನ ಕೈಯಲ್ಲಿದೆ. ಅವನನ್ನು ಬೈಯಬಹುದು, ಕಾಡಬಹುದು, ಎಂದಾದರೂ ಅವನ ಮನಸ್ಸು ಕರಗೀತೆಂದು ಕಾಯಬಹುದು. ತಲಾಖ್ ಆದ ಮೇಲೆ ಅದೇ ಅಧಿಕಾರ ನಿಯಮದ ಕೈಗೆ ಹೋಗುತ್ತದೆ. ನಿಯಮಕ್ಕೆ ಮುಖವಿಲ್ಲ, ಕರಗುವ ಮನಸ್ಸೂ ಇಲ್ಲ. ನಾದಿರಾಳ ತಾಯಿ ಫಾತಿಮಾ ಗಂಡನ ಕೋಪವನ್ನು ಸಹಿಸಿ, ಸುತ್ತುಬಳಸಿ ಬದುಕುವ ಕಲೆ ಕಲಿತವಳು. ಆ ಕಲೆ ಗಂಡನ ಮುಂದೆ ಅಷ್ಟಿಷ್ಟು ನಡೆಯುತ್ತದೆ, ನಿಯಮದ ಮುಂದೆ ನಡೆಯುವುದಿಲ್ಲ. ತಾಯಿಯ ಸಹನೆ, ಮಗಳ ನಿರಾಕರಣೆ ಎರಡನ್ನೂ ಎದುರುಬದುರು ಇಟ್ಟದ್ದೇ ಈ ಪುಟ್ಟ ಕಾದಂಬರಿಯ ದೊಡ್ಡ ಕಸುಬು.

ಮಿತಿಯೂ ಇಲ್ಲೇ ಇದೆ. ಸಾರಾ ಅವರ ಗದ್ಯ ವಕಾಲತ್ತಿನ ಗದ್ಯ. ಒಂದೊಂದು ಘಟನೆಯೂ ಸಾಕ್ಷಿಯಂತೆ ಬಂದು ಹೇಳಿಕೆ ಕೊಟ್ಟು ಹೋಗುತ್ತದೆ. ಹೊಳೆ, ದೋಣಿ, ಮಳೆಗಳಿಗೆ ತಮ್ಮದೇ ಬದುಕು ಕಡಿಮೆ. ಮೇಲಾಗಿ, ನಾದಿರಾ ಮೊದಲಿನಿಂದ ಕೊನೆಯವರೆಗೂ ಒಂಟಿ. ಅವಳಿಗಾಗಿ ಮರುಗುವ ಹೆಂಗಸರಿದ್ದಾರೆ, ಜೊತೆಗೆ ನಿಲ್ಲುವವರಿಲ್ಲ. ಹಾಗಾಗಿ ಅವಳ ಸಾವು ಪ್ರತಿರೋಧವೂ ಹೌದು, ದಾರಿ ಮುಗಿಯಿತೆಂಬ ಒಪ್ಪಿಗೆಯೂ ಹೌದು. ಓದುಗನಲ್ಲಿ ಅದು ಸಿಟ್ಟು ಹುಟ್ಟಿಸುತ್ತದೆ. ನಾದಿರಾಳಂಥ ಇನ್ನೊಬ್ಬಳಿಗೆ ಏನನ್ನೂ ತೋರಿಸುವುದಿಲ್ಲ.

ಬಾನು ಮುಷ್ತಾಕ್ ಹೊರಡುವುದು ಇಲ್ಲಿಂದ ಮುಂದಕ್ಕೆ. ಹಾಸನದ ಬಾನು ವಕೀಲರು, ‘ಲಂಕೇಶ್ ಪತ್ರಿಕೆ’ಗೆ ಬರೆದವರು, ಬಂಡಾಯ ಸಾಹಿತ್ಯ ಚಳವಳಿಯಲ್ಲಿ ಬೆಳೆದವರು. ‘ಕರಿ ನಾಗರಗಳು’ ಕತೆಯ ಆಶ್ರಫ್ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಣ್ಣು. ಅವಳು ಮುತವಲ್ಲಿಗೆ ಅರ್ಜಿ ಕೊಡುತ್ತಾಳೆ. ಬೇಡುವುದು ದಯೆಯನ್ನಲ್ಲ, ಶರೀಅತ್ತೇ ತನಗೆ ಕೊಟ್ಟಿರುವ ಹಕ್ಕನ್ನು. ಕಾಯಿಲೆಯ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಕೂಸು ಸಾಯುತ್ತದೆ. ಆಮೇಲೆ ನಡೆಯುವುದೇ ಕತೆಯ ನಿಜವಾದ ತಿರುಳು. ಮೊಹಲ್ಲಾದ ಹೆಂಗಸರು ಮುತವಲ್ಲಿಗೆ ಶಾಪ ಹಾಕುತ್ತಾರೆ. ಹೆರಿಗೆಯ ಮೇಲೆ ಹೆರಿಗೆ ಕಂಡು ಸೋತ ಮುತವಲ್ಲಿಯ ಹೆಂಡತಿ ಅಮೀನಾ, ಗಂಡನ ಮಾತು ಮೀರಿ ಆಪರೇಷನ್ ಮಾಡಿಸಿಕೊಳ್ಳಲು ಹೊರಡುತ್ತಾಳೆ. ಅರ್ಜಿ ಹಾಕಿದವಳು ಒಬ್ಬಳು, ಅದರ ತೀರ್ಪು ಜಾರಿಯಾದದ್ದು ಇನ್ನೊಬ್ಬಳ ಮನೆಯಲ್ಲಿ. ಕಟ್ಟೆಯ ಮೇಲೆ ಕೂತ ಗಂಡಿನ ಅಧಿಕಾರ ಮೊದಲು ಬಿರುಕು ಬಿಟ್ಟದ್ದು ಅವನ ಸ್ವಂತ ಮನೆಯಲ್ಲೇ. ಈ ಕತೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಎಂಬ ಸಿನಿಮಾ ಮಾಡಿದರು. ಅದರಲ್ಲಿನ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಬಾನು ಅವರದೇ ‘ಎದೆಯ ಹಣತೆ’ ಕತೆಯಲ್ಲಿ ಮೆಹರುನ್ ತವರಿನ ಬಾಗಿಲು ತಟ್ಟುತ್ತಾಳೆ. ತವರಿನವರು ಅವಳನ್ನು ಮರಳಿ ಗಂಡನ ಮನೆಗೇ ತಂದುಬಿಡುತ್ತಾರೆ. ಅವಳು ಬೆಂಕಿಗೆ ಸಿದ್ಧಳಾದಾಗ ಮಗಳು ಸಲ್ಮಾ ಬಂದು ತಡೆಯುತ್ತಾಳೆ. ನಾದಿರಾಳನ್ನು ತಡೆಯಲು ಯಾರೂ ಇರಲಿಲ್ಲ. ಸಾರಾ ನಿಲ್ಲಿಸಿದಲ್ಲಿಂದ ಬಾನು ಇಟ್ಟ ಹೆಜ್ಜೆ ಇದು. ಹಾಗೆಂದು ಎಲ್ಲವೂ ಮೆಚ್ಚುವಂತಿಲ್ಲ. ‘ಕರಿ ನಾಗರಗಳು’ ಕತೆಯಲ್ಲಿ ಓದಿದ ಹೆಂಗಸು ಜುಲೇಖಾ ಬೇಗಂ ಆಶ್ರಫಳಿಗೆ ಹಕ್ಕುಗಳನ್ನು ವಿವರಿಸುವಾಗ ಕತೆಗಾರ್ತಿ ಹಿಂದೆ ಸರಿದು ವಕೀಲೆ ಮುಂದೆ ಬರುತ್ತಾರೆ. ಬಾನು ಅವರ ಗಂಡಸರಿಗೆ ಹಟ, ಚಪಲ, ಹೇಡಿತನ ಬಿಟ್ಟರೆ ಬೇರೆ ಒಳಮನೆ ಕಡಿಮೆ. ಗಂಡಿನ ಅಂಜಿಕೆಯನ್ನೂ ಬರೆದಿದ್ದರೆ ಹೆಣ್ಣಿನ ಗೆಲುವಿಗೆ ಇನ್ನಷ್ಟು ತೂಕ ಬರುತ್ತಿತ್ತು.

ಹೊರಗಿನ ಕೃತಿಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಅರ್ಜಿಯ ಅರ್ಥ ಇನ್ನೂ ಬಿಚ್ಚಿಕೊಳ್ಳುತ್ತದೆ. ಈಜಿಪ್ಟಿನ ನವಾಲ್ ಅಲ್ ಸಾದಾವಿ 1975ರಲ್ಲಿ ಪ್ರಕಟಿಸಿದ ಕಾದಂಬರಿಯ ಫಿರ್ದೌಸ್ ಗಲ್ಲಿನ ಕೈದಿ. ಅಧ್ಯಕ್ಷರಿಗೆ ಕ್ಷಮಾದಾನದ ಅರ್ಜಿ ಬರೆದರೆ ಜೀವ ಉಳಿದೀತು. ಅವಳು ಸಹಿ ಹಾಕುವುದಿಲ್ಲ. ಇರಾನಿನ ಶಹರ್ನುಷ್ ಪಾರ್ಸಿಪುರ್ ಅವರ 1989ರ ‘ಗಂಡಸರಿಲ್ಲದ ಹೆಂಗಸರು’ ಕಾದಂಬರಿಯಲ್ಲಿ ಅರ್ಜಿಯ ಮಾತೇ ಇಲ್ಲ. ಒಬ್ಬಳು ತೋಟದಲ್ಲಿ ತನ್ನನ್ನೇ ನೆಟ್ಟುಕೊಂಡು ಮರವಾಗುತ್ತಾಳೆ, ಉಳಿದವರು ಕರಜ್‌ನ ಆ ತೋಟಕ್ಕೆ ಬಂದು ಸೇರುತ್ತಾರೆ. ಸಿಮಿನ್ ದಾನೇಶ್ವರ್ ಅವರ 1969ರ ‘ಸವೂಶೂನ್’ ನಮ್ಮ ಕತೆಗಳಿಗೆ ಹೆಚ್ಚು ಹತ್ತಿರ. ಶಿರಾಜ್‌ನ ಗೃಹಿಣಿ ಜರೀ ತನ್ನ ಪಚ್ಚೆಯ ಓಲೆಯನ್ನು ಗವರ್ನರ್ ಮಗಳಿಗೆ ಬಿಚ್ಚಿಕೊಟ್ಟು, ಸುಮ್ಮನಿದ್ದು ಮನೆ ಕಾಯುವವಳು. ಗಂಡ ಯೂಸೂಫ್ ಕೊಲೆಯಾದ ಮೇಲೆ ಅವಳಲ್ಲಿ ಭಯ ಉಳಿಯುವುದಿಲ್ಲ. ಫಿರ್ದೌಸ್ ವ್ಯವಸ್ಥೆಯನ್ನು ಧಿಕ್ಕರಿಸುತ್ತಾಳೆ, ಪಾರ್ಸಿಪುರರ ಹೆಂಗಸರು ಅದರಿಂದ ಹೊರಗೆ ಹೋಗುತ್ತಾರೆ. ಆಶ್ರಫ್ ಮಾತ್ರ ಅದರ ಅಂಗಳದಲ್ಲೇ ಕೂತು, ‘ನಿಮ್ಮ ಕಾನೂನನ್ನು ನೀವೇ ಪಾಲಿಸಿ’ ಎಂದು ಹಟ ಹಿಡಿಯುತ್ತಾಳೆ. ಹೋಗಲು ಬೇರೆ ತೋಟವಿಲ್ಲದ ಬಡವಿಯ ಪ್ರತಿರೋಧ ಇದು. ಸಪ್ಪೆಯಾಗಿ ಕಂಡರೂ ಅಧಿಕಾರಕ್ಕೆ ಇದರಿಂದ ಆಗುವ ಮುಜುಗರ ದೊಡ್ಡದು; ಧಿಕ್ಕರಿಸಿದವಳನ್ನು ದಾರಿ ತಪ್ಪಿದವಳು ಎಂದುಬಿಡಬಹುದು, ಧರ್ಮವನ್ನೇ ಮುಂದಿಟ್ಟು ಕೇಳಿದವಳಿಗೆ ಏನೆನ್ನುವುದು? ಬಾನು ಅವರ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕತೆಯಲ್ಲಿ ಈ ಅರ್ಜಿ ನೇರ ದೇವರ ಬಾಗಿಲಿಗೇ ಹೋಗುತ್ತದೆ.

ಬರೆದದ್ದಕ್ಕೆ ಇಬ್ಬರೂ ಬೆಲೆ ತೆತ್ತರು. ಪುತ್ತೂರಿನ ಸಾಹಿತ್ಯ ಸಮಾರಂಭವೊಂದರಲ್ಲಿ ಸಾರಾ ಅವರ ಮಾತಿಗೆ ಅಡ್ಡಿಪಡಿಸಲಾಯಿತು. ಮಸೀದಿಗೆ ಹೋಗುವ ಹಕ್ಕು ಹೆಣ್ಣಿಗೂ ಇದೆ ಎಂದಿದ್ದಕ್ಕೆ 2000ದಲ್ಲಿ ಬಾನು ಸಾಮಾಜಿಕ ಬಹಿಷ್ಕಾರ ಅನುಭವಿಸಿದರು. 2025ರ ಮೇ 20ರಂದು ಅವರ ಹನ್ನೆರಡು ಕತೆಗಳ ಸಂಕಲನ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, ಅಂತರರಾಷ್ಟ್ರೀಯ ಬುಕರ್ ಗೆದ್ದಿತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ ಅದು, ಮೊದಲ ಸಣ್ಣಕತೆಗಳ ಸಂಕಲನವೂ ಹೌದು.

ಪ್ರಶಸ್ತಿಯ ಜೊತೆಗೆ ಒಂದು ಅಪಾಯವೂ ಬಂದಿದೆ. ‘ಅವರಲ್ಲಿ ಹೀಗಂತೆ’ ಎಂದು ಓದಿ ಪುಸ್ತಕ ಮುಚ್ಚುವ ಚಟ ನಮ್ಮದು. ತುಮಕೂರು ತಾಲ್ಲೂಕಿನ ಊರ್ಡಿಗೆರೆಯಂಥ ಹೋಬಳಿಯಲ್ಲಿ ಈ ಕತೆಗಳನ್ನು ಓದುವವರು ಮಸೀದಿಯ ಅಂಗಳವನ್ನಷ್ಟೇ ನೆನೆದರೆ ಅರ್ಧ ಓದಿದಂತೆ. ಪಂಚಾಯ್ತಿ ಸೇರಿಸಿ ಗಂಡಸರಷ್ಟೇ ಕೂತು ಹೆಣ್ಣಿನ ನ್ಯಾಯ ಹೇಳುವ ಅರಳಿಕಟ್ಟೆಗಳನ್ನು ಬಯಲುಸೀಮೆಯವರು ಕಾಣದವರಲ್ಲ. ಅಲ್ಲಿಯೂ ಹೆಣ್ಣು ದೂರ ನಿಂತು ಕೇಳಿಸಿಕೊಳ್ಳಬೇಕು, ಅವಳ ಪರವಾಗಿ ಅಣ್ಣನೋ ಮಾವನೋ ಮಾತಾಡಬೇಕು. ಇನ್ನು ಮಲೆನಾಡಿನ ಬ್ರಾಹ್ಮಣ ಮನೆಯ ಕತೆ ಹೇಳುವ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲೇ ಬಂದಿತ್ತು. ಬಾಲವಿಧವೆಯಾಗಿ ತಲೆ ಬೋಳಿಸಿಕೊಂಡ ಫಣಿಯಮ್ಮ, ಮುಂದಿನ ತಲೆಮಾರಿನ ದಾಕ್ಷಾಯಿಣಿ ಕ್ಷೌರಕ್ಕೆ ಒಪ್ಪದೆ ನಿಂತಾಗ ಅವಳ ಪರ ನಿಲ್ಲುತ್ತಾಳೆ. ಸಲ್ಮಾ ತಾಯಿಯನ್ನು ತಡೆದ ಕೈಗೂ ಫಣಿಯಮ್ಮ ಚಾಚಿದ ಕೈಗೂ ನಂಟಿದೆ. ಆ ನಂಟು ಕಾಣದ ಓದು ಈ ಲೇಖಕಿಯರನ್ನು ಅವರ ಸಮುದಾಯದ ವಿರುದ್ಧದ ಸಾಕ್ಷಿಗಳನ್ನಾಗಿ ಮಾಡುತ್ತದೆ. ಅವರು ಬರೆದದ್ದು ಅದಕ್ಕಲ್ಲ.

ನನ್ನ ಮಟ್ಟಿಗೆ, ಇಡಿಯಾದ ಕೃತಿಯಾಗಿ ‘ಚಂದ್ರಗಿರಿಯ ತೀರದಲ್ಲಿ’ ಈಗಲೂ ಹೆಚ್ಚು ಗಟ್ಟಿ. ಅದರ ಕಟ್ಟಡದಲ್ಲಿ ಒಂದು ಇಟ್ಟಿಗೆಯೂ ಸಡಿಲವಿಲ್ಲ. ಪ್ರತಿರೋಧದ ಯೋಚನೆಯಲ್ಲಿ ‘ಕರಿ ನಾಗರಗಳು’ ಅದನ್ನು ದಾಟಿದೆ, ಏಕೆಂದರೆ ಅಲ್ಲಿ ಒಬ್ಬಳ ಅರ್ಜಿ ಹಲವರ ಮಾತಾಗುತ್ತದೆ. ಹಳ್ಳಿಯ ಗ್ರಂಥಾಲಯಗಳು ಪ್ರಶಸ್ತಿಯ ಪುಸ್ತಕವೊಂದನ್ನೇ ತರಿಸಿ ಸುಮ್ಮನಾಗಬಾರದು. ‘ಚಂದ್ರಗಿರಿಯ ತೀರದಲ್ಲಿ’, ಬಾನು ಅವರ ಕತೆಗಳು, ‘ಫಣಿಯಮ್ಮ’ ಮೂರನ್ನೂ ಒಂದೇ ಕಪಾಟಿನಲ್ಲಿಡಲಿ. ಓದುಗರು ಮೂರನ್ನೂ ಓದಿ, ತಮ್ಮ ಊರಿನ ಕಟ್ಟೆಯ ಮೇಲೆ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳಲಿ.