ಬೆಲೆಯ ಲೆಕ್ಕದಲ್ಲಿ ಬಿಟ್ಟುಹೋದ ವರ್ಷಗಳು

ಜಪಾನಿನ ಮಸನೊಬು ಫುಕುವೋಕಾ ಅವರ ‘ಒಂದು ಹುಲ್ಲಿನ ಕ್ರಾಂತಿ’ 1975ರಲ್ಲಿ ಮೂಲಭಾಷೆಯಲ್ಲಿ ಪ್ರಕಟವಾಯಿತು. ಕನ್ನಡದಲ್ಲಿಯೂ ಬಂದಿರುವ ಈ ಕೃತಿಯ ನಾಲ್ಕು ಸೂತ್ರಗಳು ಪ್ರಸಿದ್ಧವಾಗಿವೆ: ಉಳುಮೆ ಬೇಡ, ಗೊಬ್ಬರ ಬೇಡ, ಕಳೆ ಕೀಳುವುದು ಬೇಡ, ವಿಷ ಬೇಡ. ನಾನು ಇಲ್ಲಿ ಪರಿಶೀಲಿಸಬಯಸುವುದು ಬೆಲೆಯನ್ನು ಕುರಿತು ಗ್ರಂಥಕರ್ತರು ಹೇಳಿರುವ ಮಾತನ್ನು.

ಸಹಜ ಕೃಷಿಗೆ ಖರ್ಚೂ ಶ್ರಮವೂ ಕಡಿಮೆ. ಆದುದರಿಂದ ಅದರ ಫಲವು ಎಲ್ಲಕ್ಕಿಂತ ಅಗ್ಗವಾಗಿ ದೊರೆಯಬೇಕು. ದುಬಾರಿಯಾದರೆ ವ್ಯಾಪಾರಿಯು ಮಿತಿಮೀರಿ ಲಾಭ ಪಡೆಯುತ್ತಿದ್ದಾನೆಂದೇ ಅರ್ಥ. ಇದು ಅವರ ವಾದ. ಪರಿಗ್ರಹ ಪರಿಮಾಣದ ವ್ರತವನ್ನು ಬಲ್ಲ ನಮಗೆ, ಅದರಲ್ಲಿಯೂ ವ್ಯಾಪಾರವನ್ನೇ ನೆಚ್ಚಿದ ಮನೆತನಗಳಿಗೆ, ಈ ಮಾತು ನಾಟಬೇಕಾದುದೇ. ಶುದ್ಧವಾದ ಅನ್ನವು ಸಿರಿವಂತರ ಸೊತ್ತಾಗಬಾರದು.

ಆದರೆ ಅದೇ ಪುಸ್ತಕದ ಆರಂಭದಲ್ಲಿ ಬರುವ ಒಂದು ಪ್ರಸಂಗವು ಈ ಲೆಕ್ಕವನ್ನು ಕೆಡಿಸುತ್ತದೆ. ತಂದೆಯು ಬಟ್ಟಲಿನ ಆಕಾರಕ್ಕೆ ಸವರಿ ಬೆಳೆಸಿದ್ದ ಕಿತ್ತಳೆ ಮರಗಳನ್ನು ಲೇಖಕರು ಹಾಗೆಯೇ ಬಿಟ್ಟುಬಿಟ್ಟರು. ಕೊಂಬೆಗಳು ಹೆಣೆದುಕೊಂಡವು, ಹುಳು ಬಿದ್ದಿತು, ತೋಟ ಒಣಗಿತು. ಅದು ಸಹಜ ಕೃಷಿಯಲ್ಲ, ಬರಿಯ ಉಪೇಕ್ಷೆ ಎಂಬ ಅರಿವು ಅವರಿಗೆ ಮೂಡಿದ್ದು ಆ ಬಳಿಕ. ತಪ್ಪನ್ನು ಮುಚ್ಚಿಡದ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. (ಪಾಠ ಕಲಿತವರು ಮಗ, ತೋಟ ಕಳೆದುಕೊಂಡವರು ತಂದೆ ಎಂಬುದನ್ನೂ ಮರೆಯಲಾಗದು.) ಬೆಲೆಯ ಮಾತಿಗೆ ಬಂದಾಗ ಗ್ರಂಥವು ಆ ನಷ್ಟವನ್ನು ಮರೆಯುತ್ತದೆ, ನೆಲೆನಿಂತ ತೋಟದ ಖರ್ಚನ್ನಷ್ಟೇ ಎಣಿಸಿ, ಅದು ನೆಲೆ ನಿಲ್ಲುವವರೆಗಿನ ವರ್ಷಗಳನ್ನು ಕೈಬಿಡುತ್ತದೆ.

ನಮ್ಮ ಸಾವಯವ ಕೃಷಿಕನು ಎಡವುವುದು ಆ ವರ್ಷಗಳಲ್ಲಿಯೇ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಂತೆ ಪರಿವರ್ತನೆಯ ಅವಧಿಯು ಸಾಮಾನ್ಯವಾಗಿ ವಾರ್ಷಿಕ ಬೆಳೆಗೆ 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ. ಆ ಕಾಲದಲ್ಲಿ ಇಳುವರಿ ತಗ್ಗುವುದುಂಟು. ಪೂರ್ಣ ಸಾವಯವವೆಂಬ ಮುದ್ರೆ ಇರುವುದಿಲ್ಲವಾದ್ದರಿಂದ ಅದಕ್ಕೆ ತಕ್ಕ ಬೆಲೆಯೂ ಬಾರದು. ತಪಾಸಣೆಯ ಶುಲ್ಕ, ಸಾಲದ ಬಡ್ಡಿಗಳಾದರೋ ನಿಲ್ಲುವುದಿಲ್ಲ. ರೈತರು ಗುಂಪಾಗಿ ಪರಸ್ಪರರ ಹೊಲಗಳನ್ನು ಪರಿಶೀಲಿಸುವ, 2011ರಲ್ಲಿ ಆರಂಭವಾದ ಪಿಜಿಎಸ್ ಪದ್ಧತಿಯು ಶುಲ್ಕದ ಹೊರೆಯನ್ನು ಇಳಿಸಿತು, ಕಾಯುವುದನ್ನು ತಪ್ಪಿಸಲಿಲ್ಲ.

ನಮ್ಮ ಬಸದಿಗಳ ಟ್ರಸ್ಟುಗಳು ಭೋಜನಶಾಲೆಗೆಂದು ವರ್ಷವಿಡೀ ಅಕ್ಕಿ, ಬೇಳೆ, ಬೆಲ್ಲಗಳನ್ನು ಕೊಳ್ಳುತ್ತವೆ. ಹೊಲಕ್ಕೆ ಮುದ್ರೆ ಬೀಳುವ ಮೊದಲೇ, ಪರಿವರ್ತನೆಯಲ್ಲಿರುವ ರೈತನೊಡನೆ ಬೆಲೆ ಗೊತ್ತುಮಾಡಿಕೊಂಡು ಮುಂಗಡ ಕೊಡಲು ಅವುಗಳಲ್ಲಿ ಎಷ್ಟು ಸಿದ್ಧವಿವೆ?